ನಳದ ನೀರೂ ಐದು ಊರುಗಳೂ

ಈ ಪ್ರವಾಸಕ್ಕೆ ಹೊರಟ ಕಾರಣವನ್ನು ವಾಚಕರಿಗೆ ಮೊದಲು ತಿಳಿಸುವುದು ಯುಕ್ತ. ನನ್ನ ತಮ್ಮನ ಮಗಳು ಗಂಡನೊಡನೆ ಅಮೇರಿಕೆಯ ಟೆಕ್ಸಾಸ್ ಪ್ರಾಂತದ ಡಲ್ಲಾಸ್ ನಗರದಲ್ಲಿ, ಅನೇಕ ಬಿಡಾರಗಳುಳ್ಳ ಒಂದು ದೊಡ್ಡ ಕಟ್ಟಡದಲ್ಲಿ ವಾಸಿಸುತ್ತಾಳೆ. 2021ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಆ ಸೀಮೆಗೆ ಘೋರವಾದ ಚಳಿ ಬಿತ್ತು. 16ನೆಯ ತಾರೀಖಿನ ದಿನ ಅಲ್ಲಿಯ ಉಷ್ಣಮಾನವು ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಲಕ್ಷಾವಧಿ ಮನೆಗಳಿಗೆ ವಿದ್ಯುತ್ತಿಲ್ಲದಂತಾಯಿತು. ಮನೆಯನ್ನು ಬೆಚ್ಚಗಿಡುವ ಯಂತ್ರಗಳು ನಿಂತವು. ಗೋಡೆಗಳೊಳಗಿನ ನಳಗಳಲ್ಲಿ ನೀರು ಹೆಪ್ಪುಗಟ್ಟಿತು. "ದೊಡ್ಡಪ್ಪಾ, ನಾಲ್ಕು ದಿನ ಒಂದು ಹನಿ ನೀರಿರಲಿಲ್ಲ. ಐದನೆಯ ದಿನ ಮಂಜು ಕರಗಿದ ಕೂಡಲೆ ಮೇಲಿನ ಮಾಳಿಗೆಯಿಂದ ಧಾರಾಕಾರವಾಗಿ ಸುರಿಯಿತು. ನಮ್ಮ ಊರ ಕಡೆ ಇಂಥ ಕಷ್ಟವಿಲ್ಲ, ಅಲ್ಲವೇ?" ಎಂದು ಅವಳು ದೂರವಾಣಿಯಲ್ಲಿ ಕೇಳಿದಳು. ಇಲ್ಲವೆಂದೇ ನಾನು ಉತ್ತರ ಕೊಟ್ಟೆ. ಆದರೆ ವಿಚಾರಿಸದೆ ಕೊಟ್ಟ ಆ ಉತ್ತರವು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಕಳೆದ ಪುಷ್ಯಮಾಸದಲ್ಲಿ ಸಂಬಂಧಿಕರನ್ನು ಕಾಣಲು ಗಡಿಭಾಗದ ಊರುಗಳಿಗೆ ಹೋಗುವ ಪ್ರಸಂಗ ಬಂದಾಗ, ಅಲ್ಲಲ್ಲಿಯ ನಳಗಳನ್ನು ಕಣ್ಣಾರೆ ನೋಡಿ ಬರಬೇಕೆಂದು ನಿಶ್ಚಯಿಸಿದೆನು.

ಮೊದಲು ನಿಪ್ಪಾಣಿ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರು ತಂಬಾಕಿನ ವ್ಯಾಪಾರಕ್ಕೆ ಹೆಸರಾದದ್ದು. ಪೇಟೆಯನ್ನು ಹೊಕ್ಕೊಡನೆ ಅದರ ಘಾಟು ಮೂಗಿಗೆ ತಾಗುತ್ತದೆ. ಊರ ಹೆಸರನ್ನು ಕೇಳಿದರೆ ಮರಾಠಿ ಬಲ್ಲವರಿಗೆ 'ಪಾಣಿ'ಯ ನೆನಪಾಗುವುದು ಸಹಜ. ನನಗಾದರೋ ಅಮರಕೋಶದ 'ನಿಪಾನ' ಶಬ್ದದ ನೆನಪಾಯಿತು. ಬಾವಿಯ ಮಗ್ಗುಲಲ್ಲಿ ದನಗಳಿಗೆ ಕುಡಿಯಲು ಕಟ್ಟಿದ ತೊಟ್ಟಿಗೆ ಆ ಹೆಸರು. ಇದು ಪಾಠ ಹೇಳಿ ರೂಢಿಯಾದವನ ಊಹೆಯೇ ಹೊರತು ಇತಿಹಾಸವಲ್ಲ. 'ನಳ'ವೆಂಬ ಮಾತೂ ಸಂಸ್ಕೃತದ 'ನಾಲ'ವನ್ನು ನೆನಪಿಗೆ ತರುತ್ತದೆ. ಕಮಲದ ಟೊಳ್ಳು ದಂಟು ಎಂದು ಅದರ ಅರ್ಥ. ದಂಟು ಮುರಿದರೆ ಹೂ ಬಾಡುವಂತೆ, ನಳ ಕೆಟ್ಟರೆ ಮನೆ ಬಾಡುವುದು.

ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಸೈನ್ಯದಿಂದ ನಿವೃತ್ತರಾದ ಗೃಹಸ್ಥರೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಲಡಾಖದಲ್ಲಿ ಚಳಿಗಾಲಗಳನ್ನು ಕಳೆದವರು. ನನ್ನ ಕುತೂಹಲವನ್ನು ಕೇಳಿ ನಕ್ಕು, "ಗುರುಗಳೇ, ಅಲ್ಲಿ ರಾತ್ರಿ ಬಕೆಟ್ಟಿನಾಗ ಇಟ್ಟ ನೀರು ಮುಂಜಾನೆ ಕಲ್ಲಾಗಿರತಿತ್ತು. ಬರ್ಫ ಕಾಸಿ ಕುಡೀತಿದ್ವಿ" ಎಂದರು. ನೀರಿನ ಈ ಸ್ವಭಾವವು ವಿಚಿತ್ರವಾದದ್ದು. ಇತರ ಪದಾರ್ಥಗಳಲ್ಲಿ ಹೆಚ್ಚಿನವು ಹೆಪ್ಪುಗಟ್ಟಿದಾಗ ಕುಗ್ಗುತ್ತವೆ. ನೀರು ಮಾತ್ರ ಮಂಜಾಗುವಾಗ ನೂರಕ್ಕೆ 9 ಪಾಲಿನಷ್ಟು ಹಿಗ್ಗುತ್ತದೆ. ನಳದಲ್ಲಿ ಒಂದೆಡೆ ಮಂಜಿನ ಬಿರಡೆ ಕಟ್ಟಿಕೊಂಡರೆ, ಅದಕ್ಕೂ ಮುಚ್ಚಿದ ಚಾವಿಗೂ ನಡುವೆ ಸಿಕ್ಕಿದ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡವು ಬೆಳೆದು ಬೆಳೆದು ಕಡೆಗೆ ಕಬ್ಬಿಣದ ಕೊಳವೆಯೂ ಸೀಳುತ್ತದೆ.

ಆದಕಾರಣ ಶೀತದೇಶದ ಗೃಹಸ್ಥರು ಕಡುಚಳಿಯ ರಾತ್ರಿ ಚಾವಿಯನ್ನು ತುಸು ಸಡಿಲಿಸಿ ನೀರು ಹನಿಯುತ್ತಿರುವಂತೆ ಬಿಡುತ್ತಾರೆ. ಹೊರಗೋಡೆಯ ನಳಗಳಿಗೆ ಮೆತ್ತನೆಯ ಹೊದಿಕೆ ಸುತ್ತುತ್ತಾರೆ. ಊರಿಗೆ ಹೋಗುವಾಗ ಮನೆಯೊಳಗೆ 13 ಡಿಗ್ರಿಗಿಂತ ಕಡಿಮೆಯಾಗದಷ್ಟು ಕಾವನ್ನು ಉಳಿಸುತ್ತಾರೆ, ಇಲ್ಲವೆ ಮುಖ್ಯ ಚಾವಿಯನ್ನು ಮುಚ್ಚಿ ನಳಗಳನ್ನು ಬರಿದುಮಾಡುತ್ತಾರೆ. ದೊಡ್ಡ ಅಂಗಡಿಗಳ ಮತ್ತು ಉಗ್ರಾಣಗಳ ಕಾವಿಲ್ಲದ ಭಾಗಗಳಲ್ಲಿ, ಬೆಂಕಿ ನಂದಿಸುವ ನಳಗಳೊಳಗೆ ನೀರಿಗೆ ಬದಲು ಗಾಳಿಯನ್ನು ತುಂಬಿಟ್ಟಿರುತ್ತಾರೆ. ಬೆಂಕಿ ಹತ್ತಿದಾಗ ಗಾಳಿ ಹೊರಟು ನೀರು ನುಗ್ಗುವುದು. ಟೆಕ್ಸಾಸಿನ ಮನೆಗಳು ಬೆಚ್ಚಗಿನ ಹವೆಗೆಂದು ಕಟ್ಟಿದವುಗಳಾದ್ದರಿಂದ ಅನೇಕ ಕಡೆ ಈ ಏರ್ಪಾಡುಗಳು ಸಾಲಲಿಲ್ಲ.

ಚಿಕ್ಕೋಡಿಯಲ್ಲಿ ಬೆಳಗಿನ ಜಾವ ಎದ್ದು ನೋಡಿದೆನು. ಶಾಲು ಹೊದೆಯುವಷ್ಟು ಚಳಿ; ಬಚ್ಚಲ ಹಂಡೆಯ ಕೆಳಗೆ ಉರಿ ಹೊತ್ತಿಸಿದರೆ ಅಲ್ಲಿಯೇ ಕೂತುಬಿಡೋಣವೆನ್ನಿಸುವಷ್ಟು. ಆದರೆ ಹತ್ತು ಡಿಗ್ರಿಯ ಆಸುಪಾಸಿನ ಈ ಚಳಿ ನಳವನ್ನು ಸೀಳಲಾರದು. ಮಗಳಿಗೆ ಕೊಟ್ಟ ಉತ್ತರ ಸರಿಯೆಂದೇ ತಿಳಿದು ನಿಶ್ಚಿಂತನಾಗಿ ರಾಯಬಾಗಕ್ಕೆ ಹೋದೆ. ಅಲ್ಲಿ ಒಂದು ದಿನ ತಂಗಿ, ಸ್ಟೇಶನ್ನಿನಿಂದ ಮಿರಜಿನ ಕಡೆಯ ರೈಲನ್ನು ಹತ್ತಿದೆ. ಮಾಘದ ಭಾರತ ಹುಣ್ಣಿಮೆಗೆ ಮಾಯಕ್ಕದೇವಿಯ ಜಾತ್ರೆ ನೆರೆಯುವ ಚಿಂಚಲಿಯನ್ನು ದಾಟಿ, ಕುಡಚಿಯ ಮುಂದೆ ಗಾಡಿಯು ಕೃಷ್ಣೆಯ ಸೇತುವೆಯನ್ನೇರಿತು. ಕೆಳಗೆ ಹೊಳೆ ಶಾಂತವಾಗಿ ಹರಿಯುತ್ತಿತ್ತು. ಎರಡೂ ದಂಡೆಗಳಲ್ಲಿ ಕಬ್ಬು. ಇದೇ ಹೊಳೆಯು 2019ನೆಯ ಇಸವಿಯ ಬೇಸಿಗೆಯಲ್ಲಿ ಒಣಗಿ, ಈ ತಾಲೂಕುಗಳ ಜನರು ಟ್ಯಾಂಕರಿನ ನೀರಿಗಾಗಿ ಕೊಡ ಹಿಡಿದು ನಿಂತರು. ಅದೇ ವರ್ಷದ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ಅದೇ ಜನರನ್ನು ಮನೆ ಬಿಡಿಸಿತು. ನೀರಿಗೆ ಸಂಸ್ಕೃತದಲ್ಲಿ 'ಜೀವನ'ವೆಂಬ ಹೆಸರೂ ಉಂಟು. ಆ ಹೆಸರು ಎಷ್ಟು ಕಠಿಣವಾದ ಸತ್ಯವೆಂಬುದನ್ನು ಈ ದಂಡೆಯವರು ಬಲ್ಲರು.

ಶೇಡಬಾಳದಲ್ಲಿ ಇಳಿದು ಕಾಗವಾಡಕ್ಕೆ ಬಂದೆನು. ಇಲ್ಲಿಯೂ ಹೊಸ ಕಟ್ಟಡಗಳು ಎದ್ದಿವೆ: ಕೆಳಗೆ ಅಂಗಡಿ, ಮೇಲೆ ಬಿಡಾರ, ಅದರ ಮೇಲೆ ಕಪ್ಪು ಟಾಕಿ. ಟಾಕಿಯಿಂದಿಳಿದ ಪ್ಲಾಸ್ಟಿಕ್ ಕೊಳವೆಗಳು ಹೊರಗೋಡೆಯ ಮೇಲೆ ಬಿಸಿಲಿಗೆ ಮೈಯೊಡ್ಡಿದ್ದವು. ನಳಗಳ ಕೆಲಸದವನೊಬ್ಬನು ಒಂದು ಹಳೆಯ ತುಂಡನ್ನು ನನ್ನ ಕೈಗಿತ್ತನು. ವರ್ಷಗಟ್ಟಲೆ ಬಿಸಿಲು ಕುಡಿದು ಬಣ್ಣಗೆಟ್ಟ ಅದು ಹಪ್ಪಳದಂತೆ ಮುರಿಯಿತು. ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಬಿಸಿಲು ನಿಧಾನವಾಗಿ ಮಾಡುತ್ತದೆ. ಹೊದಿಕೆಯೋ ಬಣ್ಣದ ಲೇಪವೋ ಇದ್ದರೆ ಕೊಳವೆ ಬಹುಕಾಲ ಬಾಳುವುದೆಂದು ಅವನು ಹೇಳಿದನು.

ನನ್ನ ನಿಶ್ಚಿಂತೆ ಪೂರ್ತಿಯಾಗಿ ಕರಗಿದ್ದು ಅಥಣಿಯಲ್ಲಿ. ಅಲ್ಲಿ ನನ್ನ ತಂಗಿಯ ಮನೆ. ಅವಳ ಮೊಮ್ಮಗ, ಏಳು ವರ್ಷದ ಹುಡುಗ, ಕಾಮಣಿಯಿಂದ ಮೂರು ವಾರ ಹಾಸಿಗೆ ಹಿಡಿದು ಆಗತಾನೆ ಎದ್ದಿದ್ದನು. ಕೈಕಾಲು ಕಡ್ಡಿಯಾಗಿದ್ದವು, ಕಣ್ಣಿನ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ. "ಅಣ್ಣಾ, ನಳಕ್ಕ ನೀರು ಬಂದ ದಿನ ನಮಗ ಹಬ್ಬ ಇದ್ದಾಂಗ. ಮೊದಲ ಬರೂ ನೀರು ರಾಡಿ ಇರತಿತ್ತು. ಬರಲಿ ಬಿಡು, ನೀರಾರ ಬಂತಲ್ಲ ಅಂತ ತುಂಬಿಕೊಂಡ್ವಿ" ಎಂದು ತಂಗಿ ಕಣ್ಣೊರೆಸಿಕೊಂಡಳು.

ಮರುದಿನ ನಳ ಬರುವ ಹೊತ್ತಿಗೆ ನಾನು ಅಂಗಳದಲ್ಲಿ ನಿಂತು ನೋಡಿದೆನು. ಬೀದಿಯ ಚರಂಡಿಯನ್ನು ಹಾಯ್ದು ಮನೆಗೆ ಬರುವ ಕೊಳವೆ; ಅದರ ಕೀಲಿನಲ್ಲಿ ಸಣ್ಣ ಬಿರುಕು; ನೀರು ಬೇಗ ಬರಲೆಂದು ಅದೇ ಕೊಳವೆಗೆ ಮನೆಯವರೇ ಹಚ್ಚಿದ ಮೋಟಾರು. ನಳದಲ್ಲಿ ನೀರು ತುಂಬಿ ಒತ್ತಡವಿರುವಾಗ ಬಿರುಕಿನಿಂದ ನೀರು ಹೊರಗೆ ಸೋರುವುದಲ್ಲದೆ ಹೊಲಸು ಒಳಗೆ ಬರಲಾರದು. ನೀರು ನಿಂತು ನಳ ಬರಿದಾಗುವಾಗಲೂ, ಮೋಟಾರು ಜಗ್ಗುವಾಗಲೂ ಒಳಗಿನ ಒತ್ತಡ ಕುಗ್ಗಿ, ಅದೇ ಬಿರುಕು ಸುತ್ತಲಿನ ಚರಂಡಿಯ ನೀರನ್ನು ಹೀರಿಕೊಳ್ಳುತ್ತದೆ. ಕಾಮಣಿ, ವಾಂತಿಭೇದಿಗಳ ಬೀಜವು ಹೀಗೆ ಮನೆಯನ್ನು ಹೊಗುತ್ತದೆ. ಯಾರನ್ನು ದೂರಲಿ? ಮೋಟಾರು ಕೊಳ್ಳಲು ಹಣ ಸಾಲದಾದಾಗ ತಂಗಿಯ ಮಗನಿಗೆ ಹಣ ಕೊಟ್ಟವನು ನಾನೇ.

ಅಥಣಿಗೆ ದೂರವಲ್ಲದ ವಿಜಯಪುರದಲ್ಲಿ ಆದಿಲಶಾಹಿಯವರು ಕೆರೆಗಳಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದರು. ದಾರಿಯಲ್ಲಿ ಒತ್ತಡವನ್ನು ಇಳಿಸಿ ಹೂಳನ್ನು ತಡೆಯಲು 'ಗಂಜ್' ಎಂಬ ಗೋಪುರಗಳನ್ನು ಕಟ್ಟಿದರು. ನಳವನ್ನು ಹಾಕುವುದರೊಡನೆ ಅದರ ಸ್ವಭಾವವನ್ನೂ ಅರಿಯಬೇಕೆಂಬುದನ್ನು ಅವರು ತಿಳಿದಿದ್ದರು.

ಆ ದಿನವೇ ಮೋಟಾರನ್ನು ಕೊಳವೆಯಿಂದ ಬಿಡಿಸಿ, ನೆಲದಲ್ಲಿ ಸಣ್ಣ ಹೌದು ಕಟ್ಟಿಸಲು ಗೊತ್ತುಮಾಡಿದೆವು. ನೀರು ತಾನಾಗಿ ಹೌದಿಗೆ ಬೀಳಲಿ. ಅಲ್ಲಿಂದ ಮೋಟಾರು ಎತ್ತಲಿ. ಚರಂಡಿಯೊಳಗಿನ ಕೊಳವೆಯನ್ನು ತೆಗೆದು ಮೇಲಿನಿಂದ ಹಾಯಿಸಿದ್ದಾಯಿತು. ಕುಡಿಯುವ ನೀರನ್ನು ಕುದಿಸಿ ಆರಿಸಬೇಕೆಂದು ತಂಗಿ ಸೊಸೆಯಂದಿರಿಗೆ ಕಟ್ಟುಮಾಡಿದಳು.

ಮನೆಗೆ ಮರಳಿದ ಮೇಲೆ ಡಲ್ಲಾಸಿನ ಮಗಳಿಗೆ ನನ್ನ ಹಳೆಯ ಉತ್ತರವನ್ನು ತಿದ್ದಿ ಹೇಳಿದೆನು: "ಮಗಳೇ, ನಿಮ್ಮ ನಳಕ್ಕೆ ನೀರು ತುಂಬಿ ನಿಂತರೆ ಅಪಾಯ, ನಮ್ಮ ನಳಕ್ಕೆ ಬರಿದಾಗಿ ನಿಂತರೆ ಅಪಾಯ." ಅವಳು ಹುಡುಗನ ಆರೋಗ್ಯವನ್ನು ಕೇಳಿದಳು. ಮರುದಿನ ಬೆಳಿಗ್ಗೆ ನಮ್ಮ ನಳಕ್ಕೆ ನೀರು ಬಂದಾಗ, ನನ್ನ ಹೆಂಡತಿ ರೂಢಿಯಂತೆ ಕೊಡವನ್ನು ತಂದಿಟ್ಟಳು. ತುಂಬಿದ ಆ ಮೊದಲ ಕೊಡವನ್ನು ನಾನು ಎತ್ತಿಕೊಂಡು ಹೋಗಿ ಹಿತ್ತಲ ಬಾಳೆಯ ಬುಡಕ್ಕೆ ಸುರಿದೆ. ಅವಳು ಏನೂ ಕೇಳದೆ ಎರಡನೆಯ ಕೊಡವನ್ನು ಇಟ್ಟಳು.