ದುಡ್ಡು ಕೊಟ್ಟು ದುರ್ಯೋಧನನಾಗುವುದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಕ್ಕೆ ಟಿಕೆಟ್ಟಿಲ್ಲ. ನೋಡುವವರು ಚಾಪೆ, ಕಂಬಳಿ ತಂದರೆ ಸಾಕು. ದುಡ್ಡು ಕೊಡುವವನು ಆಡುವವನು. ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚಿನ ಬೆಲೆ, ವಿದುರ, ಸಾತ್ಯಕಿಯರು ಅಷ್ಟು ದುಬಾರಿಯಲ್ಲ. ಒಂದೇ ಪಾತ್ರದ ಮೇಲೆ ಇಬ್ಬರು ಕಣ್ಣಿಟ್ಟರೆ ರಾತ್ರಿಯನ್ನೇ ಪಾಲು ಮಾಡಿಕೊಳ್ಳುತ್ತಾರೆ. ಕರಪತ್ರದಲ್ಲಿ ‘ಒಂದನೇ ಕೃಷ್ಣ’, ‘ಎರಡನೇ ಕೃಷ್ಣ’ ಎಂದು ಅಚ್ಚಾಗುತ್ತದೆ. ಸಂಧಾನಕ್ಕೆ ಹೋದ ಕೃಷ್ಣ ಸಣಕಲಾಗಿದ್ದು, ರಥ ಹೊಡೆಯಲು ಬಂದ ಕೃಷ್ಣ ಗುಂಡುಗುಂಡಾಗಿದ್ದರೆ ಯಾರೂ ತಕರಾರು ಮಾಡುವುದಿಲ್ಲ. ಆದರೆ ಮೊದಲಿನವನು ಹಾಡಿ ಹೇಳುತ್ತಿದ್ದ, ಇವನು ಬರೀ ಮಾತಿನಲ್ಲಿ ಮುಗಿಸುತ್ತಾನೆ ಎಂಬುದು ಚಾಪೆಯ ಮೇಲಿರುವ ಮಕ್ಕಳಿಗೂ ಕೂಡಲೇ ಗೊತ್ತಾಗುತ್ತದೆ.

ಪಟ್ಟಣದ ರಂಗಭೂಮಿಯ ಗೆಳೆಯರು ಇಂಥ ನಾಟಕಕ್ಕೆ ಬಂದರೆ ಹನ್ನೊಂದು ಗಂಟೆಗೆ ಗಡಿಯಾರ ನೋಡಲು ಶುರುಮಾಡುತ್ತಾರೆ. ಇಷ್ಟುದ್ದದ್ದನ್ನು ಯಾರು ನೋಡುತ್ತಾರೆ, ಎರಡೂವರೆ ಗಂಟೆಗೆ ಇಳಿಸಬಾರದೆ, ಒಬ್ಬೊಬ್ಬರೂ ಒಂದೊಂದು ಶೈಲಿಯಲ್ಲಿ ಆಡುತ್ತಾರಲ್ಲ, ನಿರ್ದೇಶಕರು ಯಾರೂ ಇಲ್ಲವೆ ಎಂದು ಕೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಇದು ನಾಟಕವೆನ್ನುವುದು ಎಷ್ಟು ನಿಜವೋ ಆಟವೆನ್ನುವುದೂ ಅಷ್ಟೇ ನಿಜ. ದುಡ್ಡು ಕೊಟ್ಟು, ನಿದ್ದೆ ಕೆಟ್ಟು, ಒಂದು ರಾತ್ರಿಯ ಮಟ್ಟಿಗೆ ಬೇರೊಬ್ಬನಾಗಿ ಬದುಕಲು ಬಂದವನು ಆ ಬೇರೊಬ್ಬನನ್ನು ತನ್ನದೇ ರೀತಿಯಲ್ಲಿ ಹೇಳಲು ಬಂದಿರುತ್ತಾನೆ. ಹದಿನೈದಿಪ್ಪತ್ತು ಮಂದಿ ಹದಿನೈದಿಪ್ಪತ್ತು ರೀತಿಯಲ್ಲಿ ಒಂದೇ ಕಥೆ ಹೇಳುವಾಗ ಆಗುವ ಮುಖಾಮುಖಿಯೇ ಇಲ್ಲಿನ ಸುಖ. ಅದನ್ನು ನೋಡಬೇಕಾದರೆ ನಾಟಕದ ರಾತ್ರಿಗಿಂತ ಅಭ್ಯಾಸದ ರಾತ್ರಿಗಳು ಇನ್ನೂ ಚೆನ್ನ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹರಾಜು ಮುಗಿದು ಕೈಯಲ್ಲಿ ನಾಲ್ಕು ಕಾಸು ಉಳಿದಿರಬೇಕು, ಕೆ.ಆರ್. ನಗರದ ಕಡೆ ಭತ್ತ ಮನೆ ಸೇರಿರಬೇಕು. ಆಗ ರಾಮಮಂದಿರದಲ್ಲಿ ಹರ್ಮೋನಿಯಂ ಕೇಳಿಸುತ್ತದೆ. ಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಆನೆ ಕಾಯುವ ಸರದಿಯವರು ತಮ್ಮ ಸೀನನ್ನು ಬೇಗ ಮುಗಿಸಿಕೊಂಡು ಹೊಲಕ್ಕೆ ಹೋಗುತ್ತಾರೆ. ಹೀಗಾಗಿ ಅಭಿಮನ್ಯು ಸತ್ತ ಮೇಲೆ ಸಂಧಾನ ನಡೆಯುವುದೂ ಉಂಟು. ಕಲಿಸುವವರು ಮೇಷ್ಟ್ರು. ಹರ್ಮೋನಿಯಂ ನುಡಿಸುವವರು, ರಾಗ ಹಾಕಿಕೊಡುವವರು, ಮಾತು ಮರೆತರೆ ಎತ್ತಿಕೊಡುವವರು, ಜಗಳ ಬಿಡಿಸುವವರು ಎಲ್ಲ ಅವರೇ. ಅವರ ಮುಂದೆ ಅಂಚು ಸವೆದ, ಕೈಬರಹದ ಒಂದು ಪುಸ್ತಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿತ್ತು. ಆ ಕಂಪನಿ ನಾಟಕಗಳ ಕಂದ, ಮಟ್ಟು, ಗತ್ತುಗಳೆಲ್ಲ ಕೈಯಿಂದ ಕೈಗೆ ದಾಟಿ ಈ ಹಳ್ಳಿಗಳ ಮೇಷ್ಟ್ರುಗಳಲ್ಲಿ ಉಳಿದಿವೆ. ನಮ್ಮ ವಿಮರ್ಶೆ ಕಂಪನಿ ನಾಟಕದ ಯುಗ ಮುಗಿಯಿತೆಂದು ಬರೆದು ಬಹಳ ಕಾಲವಾಯಿತು. ವಿಮರ್ಶಕರು ಬೇಸಗೆಯಲ್ಲಿ ಈ ಕಡೆ ಬಂದಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಇನ್ನು ಆಡುವವರು. ಭೀಮನ ಪಾತ್ರ ಕೇಳಿ ಬರುವವನು ಯಾವ ಊರಿನಲ್ಲಾದರೂ ಒಂದೇ ಥರ: ಕಥೆಯೆಂದರೆ ಏನಾದರೂ ಆಗಬೇಕು. ಧರ್ಮರಾಯ ತಾಳ್ಮೆಯ ಬಗ್ಗೆ ಎರಡು ಮಾತಾಡುವಷ್ಟರಲ್ಲಿ ಇವನ ಗದೆ ಹೆಗಲೇರಿರುತ್ತದೆ.

“ಇನ್ನೂ ನಿಮ್ಮಣ್ಣನ ಮಾತು ಮುಗಿದಿಲ್ಲ ಕಣಪ್ಪಾ, ಗದೆ ಇಳಿಸು.”

“ಮೇಷ್ಟ್ರೇ, ಭೀಮ ಅಂದ್ಮೇಲೆ ಸಿಟ್ಟು ತಡ್ಕೊಂಡು ನಿಂತ್ಕೊಳ್ಳೋದು ಹೆಂಗೆ? ಜನ ಏನಂತಾರೆ?”

ಭೀಷ್ಮನಾಗುವವನು ಇದಕ್ಕೆ ತದ್ವಿರುದ್ಧ. ಊರಿನಲ್ಲಿ ಯಾರಿಗೆ ಯಾರು ಏನಾಗಬೇಕು, ಯಾವ ಜಮೀನು ಯಾವಾಗ ಪಾಲಾಯಿತು ಎಂದು ಬಾಯಲ್ಲೇ ಹೇಳಬಲ್ಲ ಹಿರಿಯ. ಶರಶಯ್ಯೆಯ ಮೇಲೆ ಮಲಗಿಯೂ ಅವನು ಶಂತನುವಿನಿಂದ ಶುರುಮಾಡಬೇಕು. ಪುಸ್ತಕದಲ್ಲಿ ಇಲ್ಲದ ತಲೆಮಾರುಗಳೂ ಅವನ ಮಾತಿನಲ್ಲಿ ಬರುತ್ತವೆ. ಸುತ್ತ ನಿಂತ ಪಾಂಡವರು ಮೊದಲು ಕೈಮುಗಿದು, ಆಮೇಲೆ ಕೈಕಟ್ಟಿ, ಕೊನೆಗೆ ಒಬ್ಬರಿಗೊಬ್ಬರು ಒರಗಿಕೊಂಡು ಕೇಳುತ್ತಾರೆ. ಉಳಿದವರ ಮಾತುಗಳೆಲ್ಲ ಇಂಥವನಿಗೆ ಬಾಯಿಪಾಠ. ಅರ್ಜುನ ಒಂದು ಪದ ತಪ್ಪಿದರೂ ಬಾಣಗಳ ಮೇಲಿಂದಲೇ ತಿದ್ದುತ್ತಾನೆ.

ಕೃಷ್ಣನದು ಸಂಗೀತ. ಸಂಧಾನದ ಸೀನಿನಲ್ಲಿ ‘ಐದು ಊರನ್ನಾದರೂ ಕೊಡು’ ಎಂಬಷ್ಟು ಸಣ್ಣ ಬೇಡಿಕೆಗೆ ಅವನು ಮೋಹನ, ಕಲ್ಯಾಣಿ, ಕಾಪಿಗಳನ್ನೆಲ್ಲ ಸುತ್ತಿ ಬರುತ್ತಾನೆ. ನನಗೆ ಕನಿಕರ ಹುಟ್ಟುವುದು ಆಗ ದುರ್ಯೋಧನನ ಮೇಲೆ. ಒಂದು ಕೈ ಸೊಂಟದ ಮೇಲೆ, ಒಂದು ಕೈ ಮೀಸೆಯ ಮೇಲೆ, ಹುಬ್ಬು ಗಂಟು. ಅಷ್ಟು ಹೊತ್ತೂ ಆ ಸಿಟ್ಟು ಇಳಿಯದಂತೆ ಹಿಡಿದಿರಬೇಕು. ಜನ ಒನ್ಸ್ ಮೋರ್ ಅಂದರೆ ಕೃಷ್ಣ ಮತ್ತೆ ಮೊದಲಿಂದ ಎತ್ತಿಕೊಳ್ಳುತ್ತಾನೆ. ದುರ್ಯೋಧನನೂ ಮತ್ತೆ ಮೊದಲಿಂದ ಸಿಟ್ಟಾಗಬೇಕು. ಒಳ್ಳೆಯ ದುರ್ಯೋಧನ ಎರಡನೇ ಸಲ ಇನ್ನೂ ಹೆಚ್ಚು ಸಿಟ್ಟಾಗುತ್ತಾನೆ, ಮತ್ತು ಆ ಸಿಟ್ಟು ಪೂರ್ತಿ ನಟನೆಯಾಗಿರುವುದಿಲ್ಲ. ಆ ಗಳಿಗೆಗಾಗಿಯೇ ನಾನು ಎಷ್ಟೋ ಸಂಧಾನಗಳಿಗೆ ನಿದ್ದೆಗೆಟ್ಟಿದ್ದೇನೆ.

ಕರ್ಣನಾಗುವವನಿಗೆ ಮಾತಿಗಿಂತ ಒಳಗಿನದು ಮುಖ್ಯ. “ಅವತ್ತು ಕರ್ಣಂಗೆ ಅವ್ವನ ಮೇಲೆ ಸಿಟ್ಟಿತ್ತಾ, ಇಲ್ವಾ ಮೇಷ್ಟ್ರೇ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಯೋಚನೆಗೆ ಬೀಳುತ್ತಾನೆ. ಶಕುನಿಗೆ ಇದೆಲ್ಲ ಬೇಡ. ಅವನು ಹಸ್ತಿನಾವತಿಯ ಖಜಾನೆಯ ಮಾತು ಬಂದಾಗ ಹೊಗೆಸೊಪ್ಪಿನ ಕೆ.ಜಿ. ದರ ಸೇರಿಸುತ್ತಾನೆ, ಅರಗಿನ ಮನೆಯ ಮಾತಿಗೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಸೌದೆಯ ಕಷ್ಟ ತರುತ್ತಾನೆ. ಜನ ಬಿದ್ದುಬಿದ್ದು ನಗುತ್ತಾರೆ. ಭೀಷ್ಮನಿಗೆ ಮಾತ್ರ ನಗು ಬರುವುದಿಲ್ಲ. ಇನ್ನೊಬ್ಬನಿದ್ದಾನೆ, ದ್ವಾರಪಾಲಕ. ಗೆಳೆಯರೆಲ್ಲ ಸೇರಿದ್ದಾರೆಂದು ತಾನೂ ಸೇರಿದವನು. ‘ಅಪ್ಪಣೆ ಪ್ರಭು’ ಎಂಬುದು ಬಿಟ್ಟರೆ ಅವನಿಗೆ ಮಾತಿಲ್ಲ. ಆದರೂ ಅವನು ಬರದ ರಾತ್ರಿ ಅಭ್ಯಾಸ ರುಚಿಸುವುದಿಲ್ಲ.

ಇವರೆಲ್ಲರ ನಡುವೆ ನಿಜವಾದ ಕಲಾವಿದೆಯೆಂದರೆ ಕುಂತಿ. ಹೆಣ್ಣು ಪಾತ್ರಗಳಿಗೆ ಮೈಸೂರು, ಮಂಡ್ಯದ ಕಡೆಯಿಂದ ವೃತ್ತಿಯ ನಟಿಯರನ್ನು ಕರೆಸುತ್ತಾರೆ. ಒಂದೇ ಬೇಸಗೆಯಲ್ಲಿ ಊರೂರಿನ ಕರ್ಣರಿಗೆ ತಾಯಿಯಾಗುವವರು ಅವರು. ಬಂದ ಕರ್ಣ ಹಾಡುವವನೋ, ಅಳುವವನೋ, ಮಾತು ಮರೆಯುವವನೋ ಎಂಬುದು ಅವನು ‘ತಾಯೇ’ ಎಂದ ರೀತಿಯಲ್ಲೇ ಅವರಿಗೆ ಗೊತ್ತಾಗುತ್ತದೆ. ಹಾಡುವವನಿಗೆ ಜಾಗ ಬಿಡುತ್ತಾರೆ, ಅಳುವವನ ಜೊತೆ ಅಳುತ್ತಾರೆ. ಮರೆತವನಿಗೆ ‘ನೀನು ಹೀಗೆ ಕೇಳಬೇಕೆಂದಿರುವೆಯಲ್ಲವೆ ಕಂದಾ’ ಎಂದು ಅವನ ಮಾತನ್ನೂ ತಾವೇ ಆಡಿ, ಅದಕ್ಕೆ ಉತ್ತರವನ್ನೂ ಕೊಡುತ್ತಾರೆ. ಇಷ್ಟು ಬಲ್ಲವರ ಹೆಸರು ಕರಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವುದು ನನಗೆ ಸಹಿಸಲಾಗದ ಸಂಗತಿ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ರಜೆಗೆ ಬಂದಿದ್ದವನನ್ನು ಒಂದು ರಾತ್ರಿ ಅಭ್ಯಾಸಕ್ಕೆ ಕರೆದುಕೊಂಡು ಹೋದೆ. ಅರ್ಧ ಗಂಟೆ ಸುಮ್ಮನಿದ್ದು, “ಮಾವ, ನಮ್ಮ ಗುಂಪಿನಲ್ಲೂ ಇವರೇ ಇದ್ದಾರೆ” ಅಂದ. ಅವನ ಗುಂಪು ಶನಿವಾರ ಯಾರದಾದರೂ ಫ್ಲ್ಯಾಟಿನಲ್ಲಿ ಮೇಜಿನ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಅದು. ವೇಷವಿಲ್ಲ, ಪರದೆಯಿಲ್ಲ. ಒಬ್ಬ ಯೋಧ, ಒಬ್ಬಳು ಮಂತ್ರಗಾತಿ, ಒಬ್ಬ ಕಳ್ಳ ಎಂದು ಪಾತ್ರ ಹಂಚಿಕೊಂಡು, ‘ನಾನೀಗ ಬಾಗಿಲು ಒದೆಯುತ್ತೇನೆ’ ಎಂದೆಲ್ಲ ಬಾಯಲ್ಲೇ ಆಡುವುದು. ಮೇಷ್ಟ್ರ ಜಾಗದಲ್ಲಿ ಒಬ್ಬ ಕೂತು ಮುಂದೇನಾಯಿತೆಂದು ಹೇಳುತ್ತಾನೆ. ಅಲ್ಲೂ ಬಾಗಿಲು ಕಂಡರೆ ಒದೆಯುವ ಭೀಮ, ನಿಯಮದ ಪುಸ್ತಕ ಬಾಯಿಪಾಠವಿರುವ ಭೀಷ್ಮ, ತನ್ನ ಪಾತ್ರದ ಬಾಲ್ಯದ ದುಃಖವನ್ನು ಪುಟಗಟ್ಟಲೆ ಬರೆದು ತರುವ ಕರ್ಣ, ತಿಂಡಿಗೂ ಗೆಳೆತನಕ್ಕೂ ಬರುವ ದ್ವಾರಪಾಲಕ. ಈ ಜಾತಿಗಳನ್ನು ಗುರುತಿಸಿದವರೂ ಆ ಆಟದ ಲೋಕದಲ್ಲಿದ್ದಾರೆ. 1980ರಲ್ಲಿ ಗ್ಲೆನ್ ಬ್ಲೇಕೋ ಎಂಬಾತ ‘ಡಿಫರೆಂಟ್ ವರ್ಲ್ಡ್ಸ್’ ಪತ್ರಿಕೆಯಲ್ಲಿ ಬರೆದು ಆಟಗಾರರನ್ನು ನಾಲ್ಕು ಬಗೆ ಮಾಡಿದ: ಬಲ ಬೆಳೆಸಿಕೊಳ್ಳಲು ಬಂದವರು, ಪಾತ್ರವಾಗಿ ಬದುಕಲು ಬಂದವರು, ಯುದ್ಧದ ಉಪಾಯ ಹೂಡಲು ಬಂದವರು, ಕಥೆಗಾಗಿ ಬಂದವರು. ನಾಲ್ಕು ಕಡಿಮೆಯಾಯಿತೆಂದು ನಮ್ಮ ಮೇಷ್ಟ್ರು ಹೇಳುತ್ತಾರೆಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಡಲು ಬಂದವರನ್ನು ಬ್ಲೇಕೋ ಬಿಟ್ಟಿದ್ದಾನೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅವರ ಆಟದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಬಾಗಿಲು ಮುರಿಯಿತೋ ಕಾಲು ಮುರಿಯಿತೋ ದಾಳವೇ ಹೇಳಬೇಕು. ಕಥೆಯ ಕೊನೆ ಮೇಷ್ಟ್ರಿಗೂ ಗೊತ್ತಿಲ್ಲ. ನಮ್ಮಲ್ಲಿ ದಾಳವಿರುವುದು ಕಥೆಯ ಒಳಗೆ, ಶಕುನಿಯ ಕೈಯಲ್ಲಿ. ಅದು ಅವನ ಅಪ್ಪನ ಮೂಳೆಯಿಂದ ಮಾಡಿದ ದಾಳವೆಂದು ನಮ್ಮ ಜನ ಹೇಳುತ್ತಾರೆ. ಆ ಕಥೆ ವ್ಯಾಸರ ಭಾರತದಲ್ಲಿಲ್ಲ, ನಮ್ಮ ಬಾಯಿಮಾತಿನಲ್ಲಿದೆ. ದಾಳ ಹೇಗೆ ಉರುಳಿದರೂ ಧರ್ಮರಾಯ ಸೋಲುತ್ತಾನೆ, ಹದಿನೆಂಟು ದಿನ ಯುದ್ಧವಾಗುತ್ತದೆ, ದುರ್ಯೋಧನನ ತೊಡೆ ಮುರಿಯುತ್ತದೆ. ಇದು ಗೊತ್ತಿದ್ದೂ ಒಬ್ಬ ರೈತ ಹೆಚ್ಚಿನ ಬೆಲೆ ಕೊಟ್ಟು ಆ ತೊಡೆಯನ್ನೇ ಕೊಳ್ಳುತ್ತಾನೆ! ಏನಾಗುತ್ತದೆ ಎಂಬ ಕುತೂಹಲವೇ ಇಲ್ಲವಾದ ಮೇಲೆ ಉಳಿಯುವುದು ಹೇಗೆ ಹೇಳುತ್ತಾನೆ ಎಂಬುದೊಂದೇ. ಶೈಲಿಯ ಮೇಲೆ ಇಷ್ಟು ಭಾರ ಬೀಳುವುದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ.

ಅಕ್ಕನ ಮಗನ ಮೇಜಿಗೆ ಇನ್ನೂ ಹತ್ತಿರದ್ದು ಕರಾವಳಿಯ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದ ಮಾತೂ ಇಲ್ಲ. ಕೂತಲ್ಲೇ ರಾವಣ, ಕೂತಲ್ಲೇ ವಾಲಿ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಆ ಕ್ಷಣಕ್ಕೆ ಹೊಳೆದದ್ದನ್ನು ಆಡಬೇಕು. ಎದುರಿನವನು ಏನು ಕೇಳುತ್ತಾನೋ ಮೊದಲೇ ತಿಳಿಯದು. ಕಾಸರಗೋಡು ಸೀಮೆಯಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕೂತರೆ ರಾಮ ನಿಜವಾಗಿಯೂ ವಾದದಲ್ಲಿ ಸಿಕ್ಕಿಬೀಳುತ್ತಿದ್ದ. ತರ್ಕ ಅವರ ಬಿಲ್ಲು. ಮಲ್ಪೆ ರಾಮದಾಸ ಸಾಮಗರದು ಭಾವ ಮತ್ತು ಚಮತ್ಕಾರ. ಕುಂಬ್ಳೆ ಸುಂದರ ರಾಯರು (1934–2022) ಪ್ರಾಸ ಹೊಂದಿಸಿ ಆಡುತ್ತಿದ್ದರು. ಇಂಥವರು ಎದುರುಬದುರಾದಾಗ ಜನ ಪ್ರಸಂಗದ ಹೆಸರಿಗಿಂತ ಮೊದಲು ಯಾರಿಗೆ ಯಾರು ಜೋಡಿ ಎಂದು ಕೇಳುತ್ತಿದ್ದರು. ಅಲ್ಲಿ ಶೈಲಿಯ ಘರ್ಷಣೆಗೆ ವಿದ್ವತ್ತಿನ ಮರ್ಯಾದೆ ಸಿಕ್ಕಿತು, ಪುಸ್ತಕಗಳು ಬಂದವು. ಬಯಲುಸೀಮೆಯ ಭೀಮನಿಗೂ ಭೀಷ್ಮನಿಗೂ ಸಿಕ್ಕಿದ್ದು ತಮಾಷೆಯ ಹಣೆಪಟ್ಟಿ ಮಾತ್ರ. ಕಲಿತವರ ಘರ್ಷಣೆ ಕಲೆ, ಬೇಸಾಯದವರ ಘರ್ಷಣೆ ಆಭಾಸ ಎಂಬ ಈ ಲೆಕ್ಕ ನ್ಯಾಯವಲ್ಲ.

ರಂಗದ ಹೊರಗೂ ನಮ್ಮ ಸೀಮೆಯ ಜನ ಒಂದೇ ಕಥೆಯನ್ನು ಹೀಗೆಯೇ ಬೇರೆಬೇರೆಯಾಗಿ ಹೇಳುತ್ತಾರೆ. ಹುಣಸೂರಿನ ಮೂಲಕ ಹರಿಯುವ ಲಕ್ಷ್ಮಣತೀರ್ಥ ಕೊಡಗಿನ ಇರ್ಪಿನಲ್ಲಿ ಲಕ್ಷ್ಮಣ ಬಾಣ ಬಿಟ್ಟು ಬರಿಸಿದ ನೀರು, ಬಾಯಾರಿದ್ದವನು ರಾಮ. ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲೂ ಬಾಣವೇ ನೀರು ತರುತ್ತದೆ. ಅಲ್ಲಿ ಅದು ಸೀತೆಯ ಸ್ನಾನಕ್ಕೆ. ಚುಂಚನಕಟ್ಟೆಯ ರಾಮನ ಗುಡಿಯಲ್ಲಿ ಸೀತೆ ಎಲ್ಲ ಕಡೆಯಂತೆ ಎಡಗಡೆಗಿಲ್ಲ, ಬಲಗಡೆ ನಿಂತಿದ್ದಾಳೆ. ಯಾಕೆಂದು ನಾಲ್ಕು ಜನರನ್ನು ಕೇಳಿ ನೋಡಿ. ಒಬ್ಬರು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಒಬ್ಬರು ಹಿಂದೆ ಅಲ್ಲಿದ್ದರೆನ್ನುವ ಚುಂಚ ಚುಂಚಿ ಎಂಬ ದಂಪತಿಯಿಂದ ಶುರುಮಾಡುತ್ತಾರೆ, ನಿಮ್ಮ ಬಸ್ಸು ಹೋಗಿರುತ್ತದೆ.

ಎಲ್ಲವನ್ನೂ ಒಪ್ಪುತ್ತೇನೆಂದಲ್ಲ. ಅಭಿಮನ್ಯು ಸತ್ತಾಗ ಕೀಬೋರ್ಡಿನಲ್ಲಿ ಸಿನಿಮಾ ಹಾಡಿನ ಧಾಟಿ ಬಂದರೆ ನನಗೆ ಸಂಕಟವಾಗುತ್ತದೆ. ಹಾರ ತುರಾಯಿಗೂ ನೋಟು ಚುಚ್ಚುವುದಕ್ಕೂ ಯುದ್ಧ ಮತ್ತೆ ಮತ್ತೆ ನಿಲ್ಲುವುದು ಸರಿಯಲ್ಲ. ಉತ್ತರೆ ಗಂಡನ ಹೆಣದ ಮುಂದೆ ಕೂತಿರುವಾಗ ಅವನ ಎದೆಗೆ ನೋಟು ಚುಚ್ಚಿದ್ದನ್ನು ಕಂಡಿದ್ದೇನೆ. ಇವನ್ನು ತಿದ್ದಬಹುದು. ಭೀಮನ ಅವಸರವನ್ನೂ ಭೀಷ್ಮನ ನಿಧಾನವನ್ನೂ ತಿದ್ದಬೇಕಾಗಿಲ್ಲ. ಒಳ್ಳೆಯ ಮೇಷ್ಟ್ರು ಅದನ್ನು ಬಲ್ಲರು. ಭೀಷ್ಮ ನಾಲ್ಕನೇ ತಲೆಮಾರಿಗೆ ಹೊರಟರೆ ಅವರು ಹರ್ಮೋನಿಯಂನಲ್ಲಿ ಮೆಲ್ಲಗೆ ಶ್ರುತಿ ಏರಿಸುತ್ತಾರೆ. ಮುದುಕರು ಅರ್ಥ ಮಾಡಿಕೊಂಡು ಕಣ್ಣು ಮುಚ್ಚುತ್ತಾರೆ. ಭೀಮನಿಗೆ ಗದೆ ಎತ್ತಲು ಎರಡು ಸೀನು ಹೆಚ್ಚಾಗಿ ಕೊಟ್ಟು, ಅಣ್ಣನ ಮಾತಿನ ಹೊತ್ತಿಗೆ ತೋಳು ಸೋತಿರುವಂತೆ ನೋಡಿಕೊಳ್ಳುತ್ತಾರೆ. ಶಕುನಿಗೆ ಹೊಗೆಸೊಪ್ಪಿನ ಮಾತು ಒಂದು ಸೀನಿಗೆ ಒಂದೇ ಎಂದು ಕಟ್ಟು ಹಾಕುತ್ತಾರೆ.

ಬರುವ ಬೇಸಗೆಗೆ ಊರಿನಲ್ಲಿ ಮತ್ತೆ ಮಾತು ಶುರುವಾಗಿದೆ. ದುರ್ಯೋಧನನಿಗೆ ಇಬ್ಬರು, ಕೃಷ್ಣನಿಗೆ ಮೂವರು ನಿಂತಿದ್ದಾರೆ. ಮೂರನೇ ಕೃಷ್ಣ ಯಾವ ಸೀನಿನಿಂದ ಬರಬೇಕೆಂದು ಮೇಷ್ಟ್ರು ಲೆಕ್ಕ ಹಾಕುತ್ತಿದ್ದಾರೆ. ಅಕ್ಕನ ಮಗ ಫೋನು ಮಾಡಿ ಶಕುನಿ ಖಾಲಿ ಇದೆಯೇ ಎಂದು ಕೇಳಿದ. ಇಲ್ಲ, ಹಳೆಯ ಶಕುನಿ ಬಿಟ್ಟುಕೊಡುವುದಿಲ್ಲ. ಸೈಂಧವನಿಗೆ ಮಾತ್ರ ಇನ್ನೂ ಯಾರೂ ದುಡ್ಡು ಕಟ್ಟಿಲ್ಲ.