ಬಂದೀತು, ಬಂದೇ ಬರ್ತೈತಿ

ಸರ್ಟನ್ಲಿ, ಡೆಫಿನೆಟ್ಲಿ, ಶ್ಯೂರ್ಲಿ. ಈ ಮೂರಕ್ಕೂ ನಾವು ಸಾಮಾನ್ಯವಾಗಿ ‘ಖಂಡಿತವಾಗಿ’ ಎಂದೇ ಅರ್ಥ ಬರೆದುಕೊಳ್ಳುತ್ತೇವೆ. ಬೇರು ಹುಡುಕಿದರೆ ಮೂರೂ ಬೇರೆ. ಸರ್ಟನ್ಲಿಯ ಲ್ಯಾಟಿನ್ ಮೂಲದಲ್ಲಿ ಜರಡಿ ಹಿಡಿದು ಬೇರ್ಪಡಿಸುವ ಕೆಲಸವಿದೆ. ಡೆಫಿನೆಟ್ಲಿಯಲ್ಲಿ ಎಲ್ಲೆ ಗುರುತಿಸುವುದು. ಶ್ಯೂರ್ಲಿಯಲ್ಲಿ ಚಿಂತೆ ಇಲ್ಲದಿರುವುದು. ನಮ್ಮ ‘ಖಂಡಿತ’ಕ್ಕೆ ಸಂಸ್ಕೃತದಲ್ಲಿ ‘ಕತ್ತರಿಸಿದ್ದು’ ಎಂಬ ಅರ್ಥ. ಕಡ್ಡಿ ಮುರಿದಂತೆ ಹೇಳು ಅನ್ನುತ್ತೇವಲ್ಲ, ಅದೇ ಭಾವ.

ಘಟಪ್ರಭೆಯ ದಂಡೆಯ ನಮ್ಮ ಅನಗವಾಡಿಯ ಮಾತಿನಲ್ಲಿ ‘ಖಂಡಿತ’ ಕೇಳುವುದು ಕಡಿಮೆ. ಇಲ್ಲಿ ಮದುವೆ ‘ನಕ್ಕಿ’ ಆಗುತ್ತದೆ. ಮರಾಠಿಯಿಂದ ಬಂದ ಈ ಶಬ್ದದಲ್ಲಿ ಎರಡೂ ಕಡೆಯ ಒಪ್ಪಿಗೆ ಇದೆ. ‘ಖರೇನ?’ ಎಂದರೆ ಹೇಳಿದ್ದು ನಿಜವೇ ಎಂಬ ವಿಚಾರಣೆ. ‘ಖಾತ್ರಿ’ಯಲ್ಲಿ ಪರೀಕ್ಷಿಸಿ ಪಡೆದ ನಂಬಿಕೆ ಇದೆ. ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ಕೊಟ್ಟ 2005ರ ಕಾಯ್ದೆ ಕನ್ನಡದಲ್ಲಿ ‘ಉದ್ಯೋಗ ಖಾತ್ರಿ’ಯಾಯಿತು, ‘ಉದ್ಯೋಗ ನಕ್ಕಿ’ ಎಂದರೆ ಕಿವಿ ಒಪ್ಪುವುದಿಲ್ಲ. ಸಮಾನಾರ್ಥಕ ಪದಗಳು ಪೂರ್ತಿ ಸಮಾನವಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಆದರೆ ಕನ್ನಡದ ಅತಿ ಗಟ್ಟಿ ನಿಶ್ಚಯಕ್ಕೆ ಇಂಥ ಯಾವ ಪದವೂ ಬೇಕಿಲ್ಲ. ‘ಬಂದೇ ಬರ್ತೀನಿ’ ಎಂದರೆ ಮುಗಿಯಿತು. ಬರುವ ಮೊದಲೇ ‘ಬಂದು’ ಆಗಿಹೋಗಿದೆ, ಅದಕ್ಕೊಂದು ಏಕಾರದ ಒತ್ತು ಬೇರೆ. ಅನುಮಾನವೂ ಹಾಗೆಯೇ ಕ್ರಿಯಾಪದದೊಳಗೆ ಕೂರುತ್ತದೆ: ‘ಬಂದೀತು’. ಇಂಗ್ಲಿಷಿಗೆ ಎರಡು ಮೂರು ಪದ ಬೇಕಾದ ಕಡೆ ನಮಗೆ ಒಂದೇ ಸಾಕು.

ಹಿನ್ನೀರಿನ ಸೀಮೆಯಲ್ಲಿ ಈ ವ್ಯಾಕರಣ ಪರೀಕ್ಷೆಗಷ್ಟೇ ಓದುವ ವಿಷಯವಲ್ಲ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಹೊಲ, ಮನೆ, ಪರಿಹಾರದ ಮಾತು ಬಂದಾಗಲೆಲ್ಲ ನಾನು ಕ್ರಿಯಾಪದಕ್ಕೆ ಕಿವಿಗೊಡುತ್ತೇನೆ. ಭಾಷಣ ಮಾಡುವವರು ‘ಪರಿಹಾರ ಖಂಡಿತವಾಗಿ ಬರುತ್ತದೆ’ ಎನ್ನುತ್ತಾರೆ. ಕಟ್ಟೆಯ ಮೇಲೆ ಕುಳಿತ ಹಿರಿಯರು ‘ಬಂದೀತು’ ಎನ್ನುತ್ತಾರೆ. ನೀರಿನ ಬಗ್ಗೆ ಕೇಳಿದರೆ ಅದೇ ಹಿರಿಯರು ಹೇಳುವುದು: ‘ಬಂದೇ ಬರ್ತೈತಿ.’

ಇಂಗ್ಲಿಷಿನ ‘ಶ್ಯೂರ್ಲಿ’ಯನ್ನೂ ನಾನೀಗ ಹೀಗೇ ಓದುತ್ತೇನೆ. ‘ಶ್ಯೂರ್ಲಿ ನೀವು ಕೊಡುತ್ತೀರಲ್ಲವೇ?’ ಎಂದು ಕೇಳುವವನಿಗೆ ಒಳಗೊಳಗೇ ಅನುಮಾನ. ಕೊಟ್ಟೇ ಕೊಡುತ್ತಾರೆಂಬ ನಂಬಿಕೆ ಇದ್ದವನು ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ವಾಕ್ಯದಲ್ಲಿ ನಿಶ್ಚಯದ ಪದ ಕಂಡಾಗ ಅದರ ಅರ್ಥದ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಆ ಪದ ಅಲ್ಲಿ ಯಾಕೆ ಬೇಕಾಯಿತು?