‘ಅರ್ಥ ಆಯ್ತಾ?’ ಅಂತ ಕೇಳಬೇಡಿ!

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ನಾನು. ‘ಇನ್ನು ತರಬೇತಿ ಯಾಕಮ್ಮಾ ನಿಂಗೆ?’ ಎಂದು ನಕ್ಕ ಮಗಳೇ ಕೊನೆಗೆ ಟಿಕೆಟ್ ತೆಗೆದುಕೊಟ್ಟಳು. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಾಲ್ಕು ವಾರ, 120 ಗಂಟೆಗಳ ತರಬೇತಿ. ಆಮೇಲೆ ಅಲ್ಲೇ ಒಂದು ಹಳ್ಳಿ ಶಾಲೆಯಲ್ಲಿ ಸ್ವಯಂಸೇವಕಿಯಾಗಿ ಪಾಠ.

ಬೆಂಗಳೂರಿನಿಂದ ಬ್ಯಾಂಕಾಕಿಗೆ ನಾಲ್ಕು ತಾಸು ವಿಮಾನ. ಅಲ್ಲಿಂದ ಉತ್ತರಕ್ಕೆ ಸುಮಾರು 750 ಕಿ.ಮೀ. ರಾತ್ರಿ ರೈಲು. ಬೆಳಗ್ಗೆ ಕಣ್ಣು ಬಿಟ್ಟರೆ ಕಿಟಕಿಯಾಚೆ ಗದ್ದೆ, ಬಾಳೆ, ಮಂಜು ಹೊದ್ದ ಗುಡ್ಡ. ಪುತ್ತೂರಿಗೇ ವಾಪಸ್ ಬಂದೆನೇನೋ ಅನ್ನಿಸಿತು!

ಚಿಯಾಂಗ್ ಮಾಯ್ 1296ರಲ್ಲಿ ಮೆಂಗ್‌ರಾಯ್ ದೊರೆ ಕಟ್ಟಿಸಿದ ಊರು. ಹಳೇ ಪಟ್ಟಣದ ಸುತ್ತ ಇಂದಿಗೂ ಚೌಕಾಕಾರದ ನೀರಿನ ಕಂದಕವಿದೆ. ಓಡಾಟಕ್ಕೆ ಕೆಂಪು ಬಣ್ಣದ ‘ಸೊಂಗ್‌ಥೇವ್’. ಹಾಗೆಂದರೆ ‘ಎರಡು ಸಾಲು’ ಎಂದರ್ಥ. ಹಿಂದೆ ಎದುರುಬದುರು ಎರಡು ಬೆಂಚು, ಅಷ್ಟೇ. ನಮ್ಮೂರ ಸರ್ವಿಸ್ ಜೀಪು ನೆನಪಾಯಿತು.

ತರಗತಿಯಲ್ಲಿ ನಾವು ಆರು ಜನ. ನಾನೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಇಂಗ್ಲಿಷ್ ಮನೆಮಾತು. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಮೊದಲ ದಿನ ಬಾಯಿ ಬಿಡಲೇ ಇಲ್ಲ. ಮೂರನೇ ದಿನ ತರಬೇತಿ ಕೊಡುವ ಮೇಡಂ, ‘ನಾಳೆ ನೀವು ಇವರಿಗೆ ಕನ್ನಡ ಕಲಿಸಬೇಕು. ಹತ್ತು ನಿಮಿಷ. ಒಂದೇ ಒಂದು ಇಂಗ್ಲಿಷ್ ಪದ ಬಳಸಬಾರದು’ ಅಂದರು. ಗೊತ್ತಿಲ್ಲದ ಭಾಷೆ ಕಲಿಯುವವರ ಪಾಡು ಹೇಗಿರುತ್ತೆ ಎಂದು ಮೇಷ್ಟ್ರಾಗುವವರಿಗೆ ತೋರಿಸಲು ಇಂಥ ತರಬೇತಿಗಳಲ್ಲಿ ಹೀಗೆ ಮಾಡಿಸುತ್ತಾರಂತೆ.

ಸಂತೆಯಿಂದ ಹಣ್ಣು ತಂದೆ. ‘ಇದು ಬಾಳೆಹಣ್ಣು. ಇದು ಮಾವಿನಹಣ್ಣು.’ ಎಲ್ಲರೂ ‘ಬಾಲೆಹನ್ನು, ಮಾವಿನಹನ್ನು’ ಎಂದು ಒಪ್ಪಿಸಿದರು. ಕೊನೆಗೆ ಅಭ್ಯಾಸಬಲದಿಂದ ‘ಅರ್ಥ ಆಯ್ತಾ?’ ಎಂದೆ. ಐವರೂ ನಗುತ್ತಾ ತಲೆಯಾಡಿಸಿದರು. ಆಗ ಮೇಡಂ ಎದ್ದು ಮಾವಿನಹಣ್ಣನ್ನು ಎತ್ತಿ ಹಿರಿಯರೊಬ್ಬರ ಮುಂದೆ ಹಿಡಿದರು. ಅವರು ಗಟ್ಟಿಯಾಗಿ ‘ಬಾಲೆಹನ್ನು!’ ಎಂದರು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಕಣ್ಣ ಮುಂದೆ ಬಂದು ನಿಂತಿದ್ದ. ನಾನು ‘ಅರ್ಥ ಆಯ್ತೇನೋ?’ ಅಂದಾಗಲೆಲ್ಲ ‘ಆಯ್ತು ಟೀಚರ್’ ಎನ್ನುತ್ತಿದ್ದವನು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದ. ‘ಆಯ್ತು ಅಂತಿದ್ದನಲ್ಲ, ಓದಲಿಲ್ಲ’ ಎಂದು ನಾನೇ ಸ್ಟಾಫ್ ರೂಮಿನಲ್ಲಿ ಹೇಳಿದ್ದೆ.

‘ಅರ್ಥ ಆಯ್ತಾ ಎಂದು ಕೇಳಬೇಡಿ. ಅರ್ಥವಾಗಿದೆಯೋ ಇಲ್ಲವೋ ತಿಳಿಯುವಂಥ ಪ್ರಶ್ನೆ ಕೇಳಿ. ನೀವು ಕಡಿಮೆ ಮಾತಾಡಿ, ಮಕ್ಕಳು ಹೆಚ್ಚು ಮಾತಾಡಲಿ’ ಎಂದರು ಮೇಡಂ. ಆ ರಾತ್ರಿ ಪುಸ್ತಕದ ಮೊದಲ ಪುಟದಲ್ಲೇ ಅದನ್ನು ಬರೆದುಕೊಂಡೆ.

ಇನ್ನೊಂದು ತಮಾಷೆ ಕೇಳಿ. ನಾವು ಬಸ್ಸು, ಕಾರು, ಬುಕ್ಕು ಎಂದು ಪದದ ಕೊನೆಗೆ ‘ಉ’ ಸೇರಿಸುತ್ತೇವೆ. ಥಾಯ್ ಮಕ್ಕಳು ಕೊನೆಯ ಅಕ್ಷರವನ್ನೇ ನುಂಗುತ್ತಾರೆ, ಇಲ್ಲವೇ ಬದಲಿಸುತ್ತಾರೆ. ಅವರ ಬಾಯಲ್ಲಿ ‘ಫುಟ್‌ಬಾಲ್’ ‘ಫುಟ್‌ಬಾನ್’ ಆಗುತ್ತದೆ. ತಪ್ಪಲ್ಲ ಅದು, ಅವರ ಭಾಷೆಯ ರೂಢಿ. ನಾನು ‘ಉ’ ಬಿಡಲು ಪಟ್ಟ ಪಾಡು ನೆನೆದು ಅವರಿಗೆ ಹೇಳಿಕೊಡುವುದು ನನಗೆ ಸುಲಭವಾಯಿತು.

ಹಳ್ಳಿ ಶಾಲೆಯಲ್ಲಿ ಬೆಳಗ್ಗೆ ಎಂಟಕ್ಕೆ ಧ್ವಜವೇರಿಸಿ ರಾಷ್ಟ್ರಗೀತೆ. ಚಪ್ಪಲಿ ಹೊರಗೆ ಬಿಟ್ಟು ತರಗತಿಗೆ. ಶಿಕ್ಷಕರನ್ನು ‘ಖ್ರೂ’ ಎನ್ನುತ್ತಾರೆ. ನಮ್ಮ ‘ಗುರು’ವೇ ಅದು. ‘ಭಾಷೆ’ಗೆ ‘ಫಾಸಾ’. ‘ಅರ್ಥವಾಗು’ ಎನ್ನಲು ‘ಖಾವ್ ಜಾಯ್’. ಬಿಡಿಸಿ ಹೇಳಿದರೆ ‘ಮನಸ್ಸಿನೊಳಗೆ ಹೋಗು’. ಎಷ್ಟು ಚೆನ್ನಾಗಿದೆ ನೋಡಿ!

ಅಂಗಡಿ ಆಟ ಆಡಿಸಿದೆ. ‘ಯಾರು ಮಾರುವವರು? ಯಾರು ಕೊಳ್ಳುವವರು? ದುಡ್ಡು ಯಾರು ಕೊಡಬೇಕು?’ ಹೀಗೆ ಸಣ್ಣ ಸಣ್ಣ ಪ್ರಶ್ನೆ. ಎರಡನೇ ವಾರ, ಮೂಲೆಯಲ್ಲಿ ಕೂರುತ್ತಿದ್ದ ಪುಟ್ಟ ಹುಡುಗಿ ಕೈಯೆತ್ತಿ ‘ಖ್ರೂ, ಮಾಯ್ ಖಾವ್ ಜಾಯ್’ ಎಂದಳು. ಅರ್ಥವಾಗಲಿಲ್ಲ ಅಂತ! ಮೂವತ್ತು ವರ್ಷದಲ್ಲಿ ನನಗೆ ಹೀಗೆ ಹೇಳಿದ ಮಗು ಇರಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕೂತು ಮತ್ತೆ ಶುರು ಮಾಡಿದೆ.

ಜೂನ್ ತಿಂಗಳಲ್ಲಿ ‘ವಾಯ್ ಖ್ರೂ’, ಅಂದರೆ ಗುರುವಂದನೆ. ಅದೂ ಗುರುವಾರ! ಮಕ್ಕಳು ತಟ್ಟೆಯಲ್ಲಿ ತಂದದ್ದು ಗರಿಕೆ, ಬದನೆ ಹೂ, ಕೇಪುಳ ಮತ್ತು ಅರಳು. ಗರಿಕೆಯಂತೆ ವಿದ್ಯೆ ಹಬ್ಬಲಿ, ಬದನೆ ಹೂವಿನಂತೆ ತಲೆಬಾಗಲಿ, ಸೂಜಿಯಂಥ ಕೇಪುಳ ಮೊಗ್ಗಿನಂತೆ ಬುದ್ಧಿ ಚುರುಕಾಗಲಿ, ಅರಳಿನಂತೆ ಶಿಸ್ತು ಇರಲಿ ಎಂದು ಭಾವ. ಆ ಹುಡುಗಿಯೂ ತಟ್ಟೆ ಹಿಡಿದು ಮಂಡಿಯೂರಿದಾಗ ನನ್ನ ಕಣ್ಣು ತುಂಬಿತು.

ಹೋಗುವ ಮನಸ್ಸಿರುವವರಿಗೊಂದು ಮಾತು. ಸಂಬಳವಿಲ್ಲದ ಸೇವೆಯೂ ಅಲ್ಲಿ ಕೆಲಸವೇ. ಪ್ರವಾಸಿ ವೀಸಾ ಸಾಲದು, ಕೆಲಸದ ಪರವಾನಗಿ ಬೇಕು. ಏಜೆಂಟರ ಮಾತು ನಂಬಿ ಹೊರಡದೆ, ಮೊದಲು ಕಾಗದಪತ್ರ ನೋಡಿಕೊಳ್ಳಿ.

ಈಗ ಊರಲ್ಲಿ ಸಂಜೆ ಐದಾರು ಮಕ್ಕಳು ಮನೆಗೆ ಬರುತ್ತಾರೆ. ‘ಅರ್ಥ ಆಯ್ತಾ?’ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತೇನೆ. ಮುಂಬೈ ಹುಡುಗ ಈಗ ಮಧ್ಯವಯಸ್ಕನಾಗಿರಬೇಕು. ಜಾತ್ರೆಗೆ ಬಂದಾಗ ಸಿಕ್ಕಿದರೆ ಅವನಿಗೆ ಹೇಳಬೇಕು: ತಪ್ಪು ನಿನ್ನದಲ್ಲ ಮಾರಾಯ, ನಾನು ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲ.